ಜೊಂಡು ಸವರಿದ ದಾರಿ

ಲುಸಾಕಾ
೩ ಆಗಸ್ಟ್ ೧೯೯೩

ಅಪ್ಪನಿಗೆ,

ಮೊಣಕಾಲೂರಿ ಚಪ್ಪಾಳೆ ತಟ್ಟಿದ್ದೇನೆಂದು ತಿಳಿದು ನನ್ನ ನಮಸ್ಕಾರ ಸ್ವೀಕರಿಸಬೇಕು.

ನಾಲ್ಕು ವರ್ಷಗಳಾದ ಮೇಲೆ ಬರೆಯುತ್ತಿದ್ದೇನೆ. ಎಲ್ಲಿಂದ ಶುರುಮಾಡುವುದೆಂದು ತಿಳಿಯದೆ ಎರಡು ಹಾಳೆ ಹರಿದು ಹಾಕಿದೆ. ಕೆಲಸದ ಮಾತಿನಿಂದಲೇ ಶುರುಮಾಡುವುದು ಸುಲಭ.

ಇಲ್ಲಿ ನಾನು ಡಾಕ್ಟರ್ ಮ್ವೀಂಬಾ ಎಂಬ ಹೆಂಗಸಿನ ಕೈಕೆಳಗೆ ಕೆಲಸ ಮಾಡುತ್ತಿದ್ದೇನೆ. ಔಷಧಿ ಕೊಡುವ ಡಾಕ್ಟರ್ ಅಲ್ಲ, ಕಾಲೇಜಿನಲ್ಲಿ ನೀರಿನ ಹುಳುಗಳ ಬಗ್ಗೆ ಪಾಠ ಹೇಳುವವರು. ಹುಳು ಸಿಕ್ಕ ಜಾಗ, ದಿನ, ಹಿಡಿದವರ ಹೆಸರು ಇವನ್ನು ಉಗುರಿನಷ್ಟು ಚೀಟಿಯ ಮೇಲೆ ಬರೆಯುವುದು ನನ್ನ ಕೆಲಸ. ಅಕ್ಷರ ಇರುವೆಯಂತೆ ಬರೆಯುತ್ತೀಯೆಂದು ಶಾಲೆಯಲ್ಲಿ ಬೈಸಿಕೊಳ್ಳುತ್ತಿದ್ದೆ. ಈಗ ಅದಕ್ಕೇ ಸಂಬಳ.

ವಿಷಯ ಇದು. ಕಳೆದ ತಿಂಗಳು ಇಲ್ಲಿಗೆ ಒಂದು ನಕ್ಷೆ ಬಂತು. ಮೊಂಗುವಿನ ಬಂದರಿನಿಂದ ಕಲಾಬೋ ಕಡೆಗೆ ಮೋಟಾರು ದೋಣಿಗಳು ಓಡಾಡಲು ಬಯಲಿನ ನಡುವೆ ಹೊಸ ಕಾಲುವೆ ತೋಡುತ್ತಾರಂತೆ. ನಕ್ಷೆಯಲ್ಲಿ ನಮ್ಮ ಮನೆಗಳಿರುವ ದಿಬ್ಬವನ್ನು ಹುಡುಕಿದೆ. ಹೆಸರಿರಲಿಲ್ಲ. ಹಿಂದಿನ ಮಡು ಮಾತ್ರ ಒಂದು ನೀಲಿ ಚುಕ್ಕೆಯಾಗಿತ್ತು. ಅದರ ಮೇಲೆ ಯಾರೋ ಅಳತೆಪಟ್ಟಿ ಇಟ್ಟು ಕೆಂಪು ಗೆರೆ ಎಳೆದಿದ್ದರು.

ಆ ಮಡುವಿನಲ್ಲಿ ಒಂದು ಸೂಜಿಹುಳು ಇದೆ, ನೆನಪಿದೆಯೇ? ಏರೋಪ್ಲೇನ್ ಚಿಟ್ಟೆಯ ಜಾತಿಯದೇ, ಆದರೆ ಸೂಜಿಯಷ್ಟು ಸಣ್ಣ ಮೈ. ಕೂತಾಗ ರೆಕ್ಕೆ ಹರಡಿಕೊಂಡಿರುವುದಿಲ್ಲ, ಬೆನ್ನಿನ ಮೇಲೆ ಮಡಚಿಕೊಳ್ಳುತ್ತದೆ. ಮೈ ಕಡು ಹಸಿರು. ಬಾಲದ ತುದಿ ಮಾತ್ರ ಕೆಂಡದ ಬಣ್ಣ. ಅತ್ತೆಯ ಜೊತೆ ನೈದಿಲೆ ಗೆಡ್ಡೆ ಕೀಳಲು ಹೋದಾಗ ಹಿಡಿದ ಒಂದು ಹುಳು ನನ್ನ ಹಳೆಯ ಲೆಕ್ಕದ ಪುಸ್ತಕದಲ್ಲಿ ಒಣಗಿ ಉಳಿದಿತ್ತು. ಡಾಕ್ಟರ್ ಅದನ್ನು ಮಸೂರದ ಕೆಳಗಿಟ್ಟು ನೋಡಿದವರು ಕುರ್ಚಿಯಿಂದ ಎದ್ದುಬಿಟ್ಟರು.

“ಇದನ್ನ ಎಲ್ಲಿ ಹಿಡಿದೆ?”

“ನಮ್ಮನೆ ಹಿಂದೆ.”

“ಮನೆ ಹಿಂದೆ ಅಂದ್ರೆ ಎಲ್ಲಮ್ಮಾ? ನಕ್ಷೆಯಲ್ಲಿ ತೋರ್ಸು.”

ಕೆಂಪು ಗೆರೆಯ ಮೇಲೆ ಬೆರಳಿಟ್ಟೆ. ಇಡೀ ಬಯಲಿನಲ್ಲಿ ಬೇರೆಲ್ಲೂ ಅದು ಸಿಕ್ಕಿದ್ದು ಅವರಿಗೆ ಗೊತ್ತಿಲ್ಲ. ಆದರೆ ಹಳೆಯ ಸತ್ತ ಹುಳು ಸಾಕ್ಷಿಯಾಗುವುದಿಲ್ಲವಂತೆ. ಅವರು ಬಂದು ಜೀವಂತ ಹುಳುವನ್ನು ಕಣ್ಣಾರೆ ನೋಡಿ ಬರೆದುಕೊಡಬೇಕು. ಡಿಸೆಂಬರಿನಲ್ಲಿ ಕಾಲುವೆಯ ಸಭೆ. ಅಷ್ಟರೊಳಗೆ ಬರೆದುಕೊಟ್ಟರೆ ಗೆರೆಯನ್ನು ಮಡುವಿನ ಪಕ್ಕಕ್ಕೆ ಬಾಗಿಸಬಹುದು. ಇಲ್ಲದಿದ್ದರೆ ಮಡು ಕಾಲುವೆಯ ಹೊಟ್ಟೆಗೆ ಹೋಗುತ್ತದೆ.

ಮಡು ಹಾಗೆಯೇ ಇದೆಯೇ? ಅಷ್ಟು ತಿಳಿಸಿದರೆ ಸಾಕು.

ನಿಮ್ಮ ಮಗಳು
ಮ್ವಾಂಗಲಾ


ದಿಬ್ಬದಿಂದ
೨೯ ಆಗಸ್ಟ್ ೧೯೯೩

ಮಗಳೇ ಮ್ವಾಂಗಲಾ,

ನಿನ್ನ ಅಪ್ಪ ಸಿಮಾಸಿಕು ಹೇಳುತ್ತಿದ್ದಾನೆ, ಅವನ ತಂಗಿ ನಾಸಿಲೆಲೆ, ಅಂದರೆ ನಿನ್ನ ಅತ್ತೆ, ಬರೆಯುತ್ತಿದ್ದೇನೆ. ಅವನಿಗೆ ತನ್ನ ಹೆಸರು ಬಿಟ್ಟರೆ ಬೇರೇನೂ ಬರೆಯಲು ಬರುವುದಿಲ್ಲವೆಂದು ನಿನಗೆ ಗೊತ್ತು.

ನಿನ್ನ ಕಾಗದ ತಂದವನು ಅಂಬಿಗ ಲಿಕಾಂಡೊ. ನಾನು ಓದಿ ಹೇಳಿದೆ. ಅಣ್ಣ ಬಲೆ ಹೆಣೆಯುತ್ತಿದ್ದವನು ತಲೆ ಎತ್ತಲಿಲ್ಲ. ಮೂರು ದಿನ ಆ ಮಾತೇ ಇಲ್ಲ. ಇವತ್ತು ಬೆಳಗ್ಗೆ ಬಂದು ಕೂತ.

“ಬರಿ.”

“ಏನಂತ?”

“ಮಡು ಇದೆ ಅಂತ.”

“ಅಷ್ಟೇನಾ?”

“ಮೀನೂ ಇದೆ ಅಂತ ಬರಿ.”

“ನಾಲ್ಕು ವರ್ಷ ಆದ್ಮೇಲೆ ಮಗಳು ಬರ್ದಿದಾಳೆ, ಮೀನಿನ ಸಮಾಚಾರ ಹೇಳ್ತೀಯಲ್ಲೋ ಅಣ್ಣಾ!”

“ಅವಳು ಕೇಳಿದ್ದು ಮಡು. ಮಡುವಿನಲ್ಲಿರೋದು ಮೀನು. ಸರಿಯಾಗೇ ಹೇಳ್ದೆ.”

ಅದಕ್ಕೇ ಬರೆದಿದ್ದೇನೆ: ಮಡು ಇದೆ. ಮೀನೂ ಇದೆ. ಜೊಂಡು ಆಳೆತ್ತರ ಇದೆ, ನೈದಿಲೆ ಬೇಕಾದಷ್ಟು ಇದೆ. ಹುಳುವಿನ ಮಾತು ಬಂದಾಗ ಮಾತ್ರ ಡಾಕ್ಟರ ಹೆಸರನ್ನು ಮತ್ತೆ ಓದಿಸಿದ. ಆಮೇಲೆ ಕೇಳಿದ, “ಮ್ವೀಂಬಾ ಅಂದ್ರೆ ಟೊಂಗಾ ಹೆಸರಲ್ವಾ?”

ಹೌದು ಅಂದೆ.

“ಹಾಗಾದ್ರೆ ಅವರು ಬರೋ ದಿನ ದನಗಳನ್ನ ಆಚೆ ದಿಬ್ಬಕ್ಕೆ ಹೊಡೆದುಬಿಡ್ಬೇಕು. ಎಣಿಸಿಟ್ಟಿರು.”

ಟೊಂಗಾ ಕುಲದವರನ್ನು ಕಂಡರೆ ದನಗಳ್ಳರೆಂದು ಗೇಲಿ ಮಾಡದಿದ್ದರೆ ಅವನಿಗೆ ಊಟ ಸೇರುವುದಿಲ್ಲ. ಆದರೆ ಮಗಳೇ, ಆ ಗೇಲಿ ಮಾಡಿದ ಮೇಲೆ ಅವನು ನಕ್ಕ. ನಿನ್ನ ಹೆಸರಿದ್ದ ಮಾತಿಗೆ ಅವನು ನಕ್ಕಿದ್ದನ್ನು ನೋಡಿ ಬಹಳ ದಿನವಾಗಿತ್ತು. ಇದು ಅವನು ಹೇಳಿದ್ದಲ್ಲ, ನಾನೇ ಸೇರಿಸಿದ್ದು.

ಬರೆದವಳು ನಾಸಿಲೆಲೆ
ಹೇಳಿದವನು ಸಿಮಾಸಿಕು


ಲುಸಾಕಾ
೨೦ ಸೆಪ್ಟೆಂಬರ್ ೧೯೯೩

ಅಪ್ಪನಿಗೆ,

ಅತ್ತೆಯ ಕಾಗದ ಸಿಕ್ಕಿತು. ಮಡು ಇದೆ ಎಂದು ಓದಿ ಮನಸ್ಸು ಹಗುರವಾಯಿತು. ಮೀನಿನ ಸಮಾಚಾರ ಡಾಕ್ಟರಿಗೂ ಹೇಳಿದೆ. ದನದ ವಿಷಯಕ್ಕೆ ಅವರು ಹೀಗೆಂದರು: “ನಿಮ್ಮಪ್ಪಂಗೆ ಹೇಳು, ನೀವು ಲೋಜಿ ಜನ ಎಣಿಸಿಟ್ಟ ದನಾನೇ ನಮಗೆ ರುಚಿ.”

ಹಿಂದಿನ ಪುಟದಲ್ಲಿ ಹುಳುವಿನ ಚಿತ್ರ ಬರೆದಿದ್ದೇನೆ. ಬಿಸಿಲೇರಿದ ಮೇಲೆ ಜೊಂಡಿನ ಬುಡದಲ್ಲಿ, ನೀರಿಗೆ ಒಂದು ಗೇಣು ಮೇಲೆ ಹುಡುಕಿ. ನಮ್ಮ ನೆರಳು ಬಿದ್ದರೆ ಅದು ಹಾರುವುದಿಲ್ಲ, ಕಾಂಡದ ಆಚೆ ಬದಿಗೆ ಸರಿದು ಅವಿತುಕೊಳ್ಳುತ್ತದೆ. ಅದರ ಕಣ್ಣುಗಳು ಮಾತ್ರ ಎರಡೂ ಬದಿಗೆ ಇಣುಕಿ, ಕಾಂಡಕ್ಕೇ ಎರಡು ಕಣ್ಣು ಮೂಡಿದಂತೆ ಕಾಣುತ್ತದೆ. ಮೊಟ್ಟೆ ಇಡುವುದೂ ಆ ಕಾಂಡದೊಳಗೇ.

ನಾವು ನವೆಂಬರ್ ಇಪ್ಪತ್ತಕ್ಕೆ ಬರುತ್ತೇವೆ. ಮೊಂಗುವಿನಿಂದ ಲಿಕಾಂಡೊನ ದೋಣಿಯಲ್ಲೇ ಬರುತ್ತೇವೆ. ಮೂರು ದಿನ ಇರುತ್ತೇವೆ.

ನಮಗಾಗಿ ದಯವಿಟ್ಟು ಯಾವ ತೊಂದರೆಯನ್ನೂ ತೆಗೆದುಕೊಳ್ಳಬೇಡಿ.

ನಿಮ್ಮ ಮಗಳು
ಮ್ವಾಂಗಲಾ


ದಿಬ್ಬದಿಂದ
೧೨ ಅಕ್ಟೋಬರ್ ೧೯೯೩

ಮಗಳೇ,

ಅಣ್ಣ ಹೇಳಿದ್ದು: ಹನ್ನೊಂದು.

ಹನ್ನೊಂದು ಎಂದರೆ ನಿನ್ನೆಯ ಎಣಿಕೆ. ಮೊದಲ ವಾರ ಒಂದೂ ಕಾಣಲಿಲ್ಲ. ದೋಣಿಯಲ್ಲಿ ನಿಂತುಕೊಂಡೇ ಹುಡುಕುತ್ತಿದ್ದ, ಒಂದು ಸಲ ನೀರಿಗೂ ಬಿದ್ದ. ಆಮೇಲೆ ಬೋರಲು ಮಲಗಿ ಗಲ್ಲವನ್ನು ದೋಣಿಯ ಅಂಚಿಗೆ ಊರಿ ನೋಡುವುದನ್ನು ಕಲಿತ. ಈಗ ದಿನವೂ ಊಟ ಮಾಡಿ ಹೋದರೆ ಬಿಸಿಲು ಇಳಿಯುವವರೆಗೆ ಅಲ್ಲೇ. ಬಲೆ ಹೆಣೆಯುವುದು ಅರ್ಧಕ್ಕೆ ನಿಂತಿದೆ. ದಿಬ್ಬದ ಹೆಂಗಸರು ಕೇಳುತ್ತಾರೆ, “ನಿಮ್ಮಣ್ಣ ಮಡುವಿನಲ್ಲಿ ಯಾರನ್ನ ಕಾಯ್ತಾನೆ?” ಅವನದು ಒಂದೇ ಉತ್ತರ: “ನನ್ನ ಮಗಳ ನೆಂಟರು ಅಲ್ಲಿದ್ದಾರೆ.”

ನಿನಗೆ ಹೇಳಬೇಕೆಂದು ಹೇಳಿದ್ದು: ಕಾಂಡಕ್ಕೆ ಕಣ್ಣು ಮೂಡುವುದು ನಿಜ. ಹೆಣ್ಣು ಮೊಟ್ಟೆ ಇಡುವಾಗ ಗಂಡು ಬಾಲದ ತುದಿಯಿಂದ ಅವಳ ಕತ್ತು ಹಿಡಿದುಕೊಂಡು ನೆಟ್ಟಗೆ ನಿಂತಿರುತ್ತದೆ, ಕೆಲಸ ಮುಗಿಯುವವರೆಗೆ ಬಿಡುವುದಿಲ್ಲ. ಅದಕ್ಕೆ ನಾನು, “ಎಲ್ಲ ಗಂಡಸರೂ ಅಷ್ಟೇ, ಕತ್ತು ಹಿಡಿದು ಕೆಲಸ ಮಾಡಿಸ್ತಾರೆ” ಎಂದೆ. ಅವನು, “ಕಾವಲು ಕಾಯ್ತಿದೆ ಕಣೇ. ಕಪ್ಪೆ ಬಂದ್ರೆ ಎಳ್ಕೊಂಡು ಹಾರೋಕೆ” ಎಂದ. ಎದ್ದು ಹೋಗುತ್ತ, “ಕಾಯೋನು ಕತ್ತು ಹಿಡಿದ ಹಾಗೇ ಕಾಣ್ತಾನೆ” ಎಂದ. ಇದನ್ನು ಬರೆಯಬೇಡ ಎಂದಿದ್ದ, ಬರೆದಿದ್ದೇನೆ.

ಇನ್ನೊಂದು ವಿಷಯ ಇದೆ. ಅದನ್ನೂ ಬರೆಯಬೇಡ ಎಂದಿದ್ದಾನೆ, ಅದನ್ನು ಮಾತ್ರ ಬರೆಯುವುದಿಲ್ಲ. ಬಂದಾಗ ನೋಡುವೆಯಂತೆ. ಸುತ್ತಲ ದಿಬ್ಬಗಳಿಗೆಲ್ಲ ಹೇಳಿಕಳಿಸಿದ್ದಾನೆ. ಎರಡು ಹೋರಿ ಕಡಿಯುತ್ತಾನಂತೆ, ಟೊಂಗಾ ಹೆಂಗಸು ಕದಿಯುವುದಕ್ಕೆ ಮುಂಚೆ.

ಬರೆದವಳು ನಾಸಿಲೆಲೆ
ಹೇಳಿದವನು ಸಿಮಾಸಿಕು


ಲುಸಾಕಾ
೧ ನವೆಂಬರ್ ೧೯೯೩

ಅಪ್ಪನಿಗೆ, ಅತ್ತೆಗೆ,

ಹನ್ನೊಂದು ಎಂಬುದನ್ನು ಡಾಕ್ಟರ್ ಕರಿಹಲಗೆಯ ಮೂಲೆಯಲ್ಲಿ ಬರೆದು ಸುತ್ತ ಗೆರೆ ಹಾಕಿದ್ದಾರೆ. ಯಾರೂ ಅಳಿಸಬಾರದಂತೆ.

ಅಪ್ಪ ನೋಡಿದ ಹಾಗೆ ಅದನ್ನು ಬೇರೆ ಯಾರೂ ನೋಡಿರಲಾರರು ಎಂದರು. ಕಾವಲಿನ ಮಾತನ್ನು ಅವರಿಗೆ ಓದಿ ಹೇಳಿದೆ. ನಾನು ಒಬ್ಬಳೇ ಇದ್ದಾಗ ಮತ್ತೊಮ್ಮೆ ಓದಿದೆ.

ಆ ಇನ್ನೊಂದು ವಿಷಯ ಏನೆಂದು ಕೇಳಬೇಕೆನ್ನಿಸಿತು. ಅಪ್ಪನ ಸಂತೋಷ ಕೆಡಿಸಬಾರದೆಂದು ಕೇಳುವುದಿಲ್ಲ. ಇನ್ನು ಹತ್ತೊಂಬತ್ತು ದಿನ.

ನಿಮ್ಮ
ಮ್ವಾಂಗಲಾ


ಲುಸಾಕಾ
೨ ಡಿಸೆಂಬರ್ ೧೯೯೩

ಅತ್ತೆಗೆ,

ಈ ಕಾಗದ ನಿನಗೆ ಮಾತ್ರ. ಅಪ್ಪನಿಗೆ ಓದಿ ಹೇಳಬೇಡ.

ನೀನು ದಡದಲ್ಲಿದ್ದೆ, ನಾನು ದೋಣಿಯಲ್ಲಿದ್ದೆ. ದೋಣಿಯಿಂದ ಕಂಡದ್ದನ್ನು ಹೇಳುತ್ತೇನೆ. ಕೊನೆಯ ತಿರುವಿನವರೆಗೂ ಲಿಕಾಂಡೊ ಬೈದುಕೊಳ್ಳುತ್ತ ಜೊಂಡು ತಳ್ಳುತ್ತಿದ್ದ. ತಿರುವು ದಾಟಿದ ಮೇಲೆ ದೋಣಿಗೆ ಒಂದು ಎಲೆಯೂ ತಾಗಲಿಲ್ಲ. ಬೋಳಿಸಿದ ತಲೆಯಂಥ ದಡಗಳು. ನೀರಿನ ಮೇಲೆ ಒಂದು ನೈದಿಲೆಯೂ ಇರಲಿಲ್ಲ. ಎರಡೂ ಕಡೆ ಸುಟ್ಟ ಕಪ್ಪು, ಬೂದಿಯ ವಾಸನೆ. ಆಚೆ ಮಡು ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ದೂರದಲ್ಲಿ ಡೋಲು ಶುರುವಾಯಿತು.

ಲಿಕಾಂಡೊ ಹುಟ್ಟು ಹಾಕುವುದನ್ನು ನಿಲ್ಲಿಸಿ ಹಿಗ್ಗಿದ. “ನೋಡಿದ್ರಾ ಅಮ್ಮಾ? ಅರಸರ ಕಡೆಯೋರು ಬಂದಾಗ ಹೀಗೆ ಸವರೋದು. ಅತಿಥಿ ದೋಣಿಗೆ ಹುಲ್ಲು ತಾಗಬಾರ್ದು. ನಲವತ್ತು ಜನ, ಆರು ದಿನ! ನಾನೂ ಒಂದಿನ ಕತ್ತಿ ಹಿಡಿದೆ.”

ಡಾಕ್ಟರ್ ಕೈಯಲ್ಲಿದ್ದ ಬಲೆಯನ್ನು ಮೆಲ್ಲಗೆ ದೋಣಿಯೊಳಗೆ ಇಟ್ಟರು. ನನ್ನ ಕಡೆ ನೋಡದೆ ಕೇಳಿದರು, “ಇದನ್ನ ನಿಮ್ಮ ತಂದೆ ನಮಗೋಸ್ಕರ ಮಾಡಿಸಿದ್ದಾರಾ?”

“ಹೌದು.”

“ಹಾಗಾದ್ರೆ ಏನೂ ಹೇಳ್ಬೇಡ. ದಡಕ್ಕೆ ಹೋದ್ಮೇಲೆ ಅವರು ಚಪ್ಪಾಳೆ ತಟ್ಟಿದಷ್ಟೂ ನಾವೂ ತಟ್ಟೋಣ.”

ಆಮೇಲಿನದು ನಿನಗೆ ಗೊತ್ತು. ಅಪ್ಪ ಕೆಂಪು ಟೋಪಿ ಹಾಕಿಕೊಂಡು ಮೊಣಕಾಲಿನವರೆಗೆ ನೀರಿಗಿಳಿದು ದೋಣಿಯ ಮೂತಿ ಹಿಡಿದರು. ಡಾಕ್ಟರ್ ಅವರನ್ನು ಕಂಡಕೂಡಲೇ, “ದನ ಎಲ್ಲಿ ಬಚ್ಚಿಟ್ಟಿದ್ದೀರಿ?” ಎಂದು ಕೇಳಿದರು, ಎಲ್ಲರೂ ನಕ್ಕರು. ಅಪ್ಪ ನನ್ನ ಹತ್ತಿರ ಬಂದು, “ದಾರಿ ಚೆನ್ನಾಗಿತ್ತಾ?” ಎಂದರು. “ಚೆನ್ನಾಗಿತ್ತು” ಎಂದೆ. ನಾಲ್ಕು ವರ್ಷಗಳ ನಂತರ ನಾವು ಆಡಿದ ಮೊದಲ ಮಾತು ಅದು. ನಾನು ಆಡಿದ್ದು ಸುಳ್ಳು.

ಮನೆಯೊಳಗೆ, ಮಡಕೆಗಳ ಪಕ್ಕದ ಹಲಗೆಯ ಮೇಲೆ ಮೂರು ಗಾಜಿನ ಸೀಸೆಗಳಿದ್ದವು. ನನ್ನವು. ಅಪ್ಪ ನಾಲ್ಕು ವರ್ಷದ ಹಿಂದೆ ಎಲ್ಲರ ಎದುರಿಗೆ ಮಡುವಿಗೆ ಎಸೆದ ಇಪ್ಪತ್ತೇಳರಲ್ಲಿ ಮೂರು. ನೈದಿಲೆ ಬೇರು ಕೀಳುವಾಗ ಕೆಸರಿನಲ್ಲಿ ಸಿಕ್ಕಿರಬೇಕು. ಬೂದಿ ಹಾಕಿ ಉಜ್ಜಿ ಹೊಳೆಯುವಂತೆ ತೊಳೆದಿದ್ದರು. ನಾನು ಅವನ್ನು ನೋಡಲಿ ಎಂದು ಅಪ್ಪ ಅಲ್ಲೇ ನಿಂತಿದ್ದರು. ನಾನು ನೀರು ಕುಡಿದು ಹೊರಗೆ ಬಂದೆ.

ಮೂರು ದಿನ ಬಲೆ ಒಣಗಿಯೇ ಇತ್ತು. ಅಪ್ಪ ನಮ್ಮ ಮುಂದೆ ಮುಂದೆ ದೋಣಿಯಲ್ಲಿ ಬೋರಲು ಮಲಗಿ ಹುಡುಕಿದರು. “ಮೊನ್ನೆ ಇಲ್ಲೇ ಇದ್ವು. ಇಲ್ಲೇ. ಗದ್ದಲಕ್ಕೆ ಹೆದರಿ ಹೋಗಿರ್ಬೇಕು, ಬರ್ತವೆ” ಎನ್ನುತ್ತಿದ್ದರು. ಕಾಂಡಗಳೇ ಇಲ್ಲದ ಕಡೆ ಕಾಂಡಕ್ಕೆ ಕಣ್ಣು ಮೂಡುವುದನ್ನು ಹುಡುಕುತ್ತಿದ್ದರು. ಹೊರಡುವ ದಿನ ಡಾಕ್ಟರ್ ದೋಣಿಯಲ್ಲಿ ಕೂತು ವರದಿ ಬರೆದರು. “ಕಾಣಲಿಲ್ಲ” ಎಂಬ ಒಂದೇ ಪದ. “ನಾನು ನೋಡದೇ ಇರೋದನ್ನ ಬರೆಯೋಕೆ ಬರಲ್ಲಮ್ಮಾ” ಎಂದರು. ಅವರ ಕಣ್ಣು ಒದ್ದೆಯಾಗಿತ್ತು.

ಕೆಲಸ ಕೆಟ್ಟದ್ದು ಯಾವುದರಿಂದ ಎಂದು ಅಪ್ಪನಿಗೆ ತಿಳಿಯಬಾರದು. ಹುಳು ಬೇರೆ ಕಡೆ ಹೋಗಿರಬಹುದೆಂದೇ ಅವರು ತಿಳಿದುಕೊಂಡಿರಲಿ.

ನಿನ್ನ
ಮ್ವಾಂಗಲಾ


ದಿಬ್ಬದಿಂದ
೨೨ ಡಿಸೆಂಬರ್ ೧೯೯೩

ಮ್ವಾಂಗಲಾ,

ಈ ಸಲ ಹೇಳುವವರಾರೂ ಇಲ್ಲ. ನಾನೇ ಹೇಳಿ ನಾನೇ ಬರೆಯುತ್ತಿದ್ದೇನೆ.

ಅವನಿಗೆ ತಿಳಿದಿದೆ. ನಿನ್ನ ಕಾಗದದಿಂದ ಅಲ್ಲ. ನೀವು ಹೊರಟ ದಿನವೇ ತಿಳಿಯಿತು. ಲಿಕಾಂಡೊ ಮೊಂಗುವಿನಿಂದ ವಾಪಸು ಬಂದಾಗ ಅಣ್ಣ ದಡದಲ್ಲೇ ಕಾಯುತ್ತಿದ್ದ.

“ಡಾಕ್ಟರಮ್ಮ ಏನಂದ್ರು?”

“ಏನೂ ಅನ್ಲಿಲ್ಲ.”

“ಮಗಳು?”

“ಅವಳು ಹಿಂದಕ್ಕೆ ಮುಖ ಮಾಡಿ ಕೂತಿದ್ಲು. ಸುಟ್ಟ ದಡ ಮುಗಿಯೋವರೆಗೂ ಅದನ್ನೇ ನೋಡ್ತಿದ್ಲು.”

ಅಣ್ಣ ನೇರ ಮನೆಗೆ ಬಂದು ನಿನ್ನ ಸೆಪ್ಟೆಂಬರಿನ ಕಾಗದ ತೆಗೆಸಿದ. “ಮೊಟ್ಟೆ ಎಲ್ಲಿ ಇಡುತ್ತೆ ಅಂತ ಬರ್ದಿದ್ದಳು? ಓದು.” ಓದಿದೆ. “ಮತ್ತೊಂದ್ಸಲ ಓದು.” ಓದಿದೆ. ಆಮೇಲೆ ಕೊನೆಯ ಸಾಲನ್ನೂ ಓದಿಸಿದ. ತೊಂದರೆ ತೆಗೆದುಕೊಳ್ಳಬೇಡಿ ಎಂಬ ಸಾಲು.

“ಇದು ಎಲ್ಲ ಅತಿಥಿಗಳೂ ಹೇಳೋ ಮಾತಲ್ವಾ?” ಎಂದು ನನ್ನನ್ನೇ ಕೇಳಿದ.

ಹೌದಲ್ಲವೇ? ಬರುವವರು ಬೇಡ ಅನ್ನಬೇಕು, ಕರೆದವರು ಮಾಡಬೇಕು. ಬೇಡ ಎಂದದ್ದಕ್ಕೆ ಮಾಡದೇ ಬಿಟ್ಟರೆ ಮುಖಕ್ಕೆ ಬಾಗಿಲು ಹಾಕಿದಂತೆ. ಇದು ಅವನಿಗೂ ಗೊತ್ತು, ನನಗೂ ಗೊತ್ತು. ಪಟ್ಟಣಕ್ಕೆ ಹೋದವಳಿಗೆ ಮರೆತಿತ್ತೋ ಏನೋ.

ಬಯ್ಯುತ್ತಿಲ್ಲ. ಇಲ್ಲ, ಸ್ವಲ್ಪ ಬಯ್ಯುತ್ತಿದ್ದೇನೆ.

ಸೀಸೆಯ ವಿಷಯವನ್ನೂ ಹೇಳಿಬಿಡುತ್ತೇನೆ. ಅಣ್ಣ ಸಾಯುವವರೆಗೂ ಹೇಳುವವನಲ್ಲ. ನೀನು ಮನೆ ಬಿಟ್ಟ ಆ ವರ್ಷ ಪಕ್ಕದ ದಿಬ್ಬದಲ್ಲಿ ಎರಡು ಕೂಸು ತೀರಿಕೊಂಡವು. ಸಿಮಾಸಿಕುವಿನ ಮಗಳು ಸೀಸೆಯಲ್ಲಿ ಹುಳು ಸಾಕುತ್ತಾಳೆ, ಹುಳುಗಳಿಗೆ ಹೆಸರು ಬರೆದು ಅಂಟಿಸುತ್ತಾಳೆ ಎಂದು ಮಾತು ಎದ್ದಿತು. ಯಾರ ಹೆಸರು ಬರೆಯುತ್ತಾಳೆ ಎಂದು ಕೇಳಲು ಮರುದಿನ ಹಿರಿಯರು ಬರುವವರಿದ್ದರು. ಮಾಟದ ಮಾತು ಒಮ್ಮೆ ಬಾಯಿಗೆ ಬಂದರೆ ಹುಡುಗಿಯ ಗತಿ ಏನೆಂದು ನಿನಗೆ ಗೊತ್ತಿಲ್ಲದ್ದೇನಲ್ಲ. ಅದಕ್ಕೇ ಅವನು ಹಿಂದಿನ ದಿನವೇ ಎಲ್ಲರನ್ನೂ ಕೂಗಿ ಕರೆದು, ಅವರ ಕಣ್ಣೆದುರಿಗೇ ನಿನ್ನನ್ನು ಬಾಯಿಗೆ ಬಂದಂತೆ ಬೈದು ಎಲ್ಲವನ್ನೂ ಎಸೆದ. ಅಪ್ಪನೇ ಶಿಕ್ಷೆ ಕೊಟ್ಟ ಮೇಲೆ ಬೇರೆಯವರಿಗೆ ಕೇಳಲು ಏನು ಉಳಿಯಿತು? ನಿನಗೆ ಹೇಳು ಎಂದರೆ, “ಹೇಳಿದ್ರೆ ಅವಳು ಈ ಜನದ ಮುಖ ನೋಡಲ್ಲ. ನನ್ನೊಬ್ಬನ ಮುಖ ನೋಡದಿದ್ರೆ ಸಾಕು” ಎಂದಿದ್ದ.

ಈಗ ದಿನವೂ ಮಡುವಿಗೆ ಹೋಗುತ್ತಾನೆ. ಏನು ಮಾಡುತ್ತಾನೆಂದು ಗೊತ್ತಿಲ್ಲ. ಕೆಸರು ಮೆತ್ತಿಕೊಂಡು ಬರುತ್ತಾನೆ.

ನಿನ್ನ ಅತ್ತೆ
ನಾಸಿಲೆಲೆ


ಲುಸಾಕಾ
೧೬ ಜನವರಿ ೧೯೯೪

ಅಪ್ಪನಿಗೆ,

ಅತ್ತೆ, ಇದನ್ನು ಒಂದು ಪದವನ್ನೂ ಬಿಡದೆ ಓದಿ ಹೇಳು.

ಸಭೆ ನಡೆಯಿತು. ಗೆರೆ ಬಾಗಲಿಲ್ಲ. ನೆರೆ ಇಳಿದ ಮೇಲೆ ಆಗಸ್ಟಿನಲ್ಲಿ ತೋಡಲು ಶುರುಮಾಡುತ್ತಾರೆ. ಮಡುವಿನಲ್ಲಿ ವಿಶೇಷವಾದದ್ದೇನೂ ಕಂಡಿಲ್ಲವೆಂದು ಓದಿದರಂತೆ. ಡಾಕ್ಟರ್ ಎದ್ದು ನಿಂತು, ಇನ್ನೊಂದು ವರ್ಷ ಕೊಡಿ ಎಂದು ಕೇಳಿದರಂತೆ. ಕೊಡಲಿಲ್ಲ.

ನನ್ನ ಬಳಿ ಸೆಪ್ಟೆಂಬರಿನ ಆ ಕಾಗದದ ಕರಡು ಇದೆ. ಅದರಲ್ಲಿ ಕೊನೆಯ ಸಾಲು ಬೇರೆ ಇತ್ತು. “ಮಡುವಿನಲ್ಲಿ ಒಂದು ಜೊಂಡನ್ನೂ ಕೀಳಬೇಡಿ, ಯಾರನ್ನೂ ಇಳಿಯಲು ಬಿಡಬೇಡಿ” ಎಂದು ಬರೆದಿದ್ದೆ. ಓದಿ ನೋಡಿದಾಗ ಅಪ್ಪನ ನೀರಿಗೆ ಮಗಳು ಕಾನೂನು ಮಾಡಿದಂತೆ ಕಂಡಿತು. ನಾಲ್ಕು ವರ್ಷ ಮುಖ ತೋರಿಸದವಳು ಮೊದಲ ಮಾತಿಗೇ ಅಪ್ಪಣೆ ಕೊಡುವುದೇ ಎಂದು ನಾಚಿಕೆಯಾಯಿತು. ಹೊಡೆದುಹಾಕಿ, ಎಲ್ಲರೂ ಬರೆಯುವ ಸಾಲನ್ನು ಬರೆದೆ. ಅದನ್ನು ಯಾರೂ ನಂಬುವುದಿಲ್ಲವೆಂದು ನನಗೂ ಗೊತ್ತಿತ್ತು.

ಒಂದನ್ನು ಮಾತ್ರ ನಾನು ಊಹಿಸಲಿಲ್ಲ. ದಾರಿ ಸವರುವುದು ಅರಸರ ಕಡೆಯವರಿಗೆ ಮಾಡುವ ಮರ್ಯಾದೆ. ಅದನ್ನು ನನಗೆ ಮಾಡುತ್ತೀರೆಂದು ನನ್ನ ಮನಸ್ಸಿಗೆ ಹೊಳೆಯಲೇ ಇಲ್ಲ. ಹೊಳೆದಿದ್ದರೆ ಬೇಡ ಎಂದು ಬರೆಯುತ್ತಿದ್ದೆ. ನಿಮ್ಮ ಮನಸ್ಸಿನಲ್ಲಿ ನನಗೆ ಅಷ್ಟು ಜಾಗ ಇದೆಯೆಂದು ತಿಳಿದುಕೊಂಡಿರಲಿಲ್ಲ. ತಪ್ಪಾದದ್ದು ಅಲ್ಲಿ, ನಿಮ್ಮ ಕತ್ತಿಯಲ್ಲಿ ಅಲ್ಲ.

ಸೀಸೆಗಳನ್ನು ನೋಡಿದೆ, ಅಪ್ಪ. ಅವತ್ತೇ ಹೇಳಬೇಕಿತ್ತು.

ನಿಮ್ಮ ಮಗಳು
ಮ್ವಾಂಗಲಾ


ಬಯಲಿನಂಚಿನ ಮನೆಯಿಂದ
೧೭ ಜೂನ್ ೧೯೯೪

ಮಗಳಿಗೆ,

ಇದು ನಾನೇ ಬರೆದದ್ದು. ವರ್ಷ ವರ್ಷದ ನೆರೆಗೆ ದಿಬ್ಬ ಬಿಟ್ಟು ಇಲ್ಲಿ ಬಂದು ನಾಲ್ಕು ತಿಂಗಳು. ಕೆಲಸ ಇಲ್ಲ. ತಂಗಿ ಅಕ್ಷರ ಕಲಿಸಿದಳು. ಪಕ್ಕದಲ್ಲಿ ಕೂತು ನಗುತ್ತಾಳೆ. ನಗಲಿ.

ಬೆಂಕಿ ಮಡುವಿನ ಮೂಡಣ ಮೂಲೆಗೆ ಹೋಗಿರಲಿಲ್ಲ. ಅಲ್ಲಿ ಸ್ವಲ್ಪ ಜೊಂಡು ಉಳಿದಿತ್ತು. ಚಾಪೆಯಷ್ಟು. ನೀವು ಹೋದ ಮೇಲೆ ನೋಡಿದೆ. ಅದನ್ನು ಮಣ್ಣು ಸಮೇತ ಅಗೆದೆ. ನನ್ನ ಹಳೆಯ ದೋಣಿ ಸೋರುತ್ತಿತ್ತು, ಅಂಟು ಮೆತ್ತಿದೆ. ದೋಣಿಯೊಳಗೆ ಕೆಸರು ಹಾಕಿ ಮಡುವಿನ ನೀರು ಹಾಕಿ ಜೊಂಡು ನೆಟ್ಟೆ. ನೆರೆ ಬಂದಾಗ ಆ ದೋಣಿಯನ್ನು ನಮ್ಮ ದೋಣಿಗೆ ಕಟ್ಟಿ ಇಲ್ಲಿಗೆ ತಂದೆ. ಜನ ಕೇಳಿದರು, ದೋಣಿ ನೀರಿನ ಮೇಲೆ ಇರೋದು ನೋಡಿದ್ದೀವಿ, ನೀರು ದೋಣಿ ಒಳಗೆ ಯಾಕೆ? ಅದನ್ನು ಮಾವಿನ ಮರದ ಕೆಳಗೆ ಇಟ್ಟಿದ್ದೇನೆ. ದಿನಾ ನೀರು ಹಾಕುತ್ತೇನೆ. ದನ ಬಾಯಿ ಹಾಕದಂತೆ ಬೇಲಿ ಕಟ್ಟಿದ್ದೇನೆ.

ಹೋದ ವಾರ ಬೆಳಿಗ್ಗೆ ಒಂದು ಕಾಂಡದ ಮೇಲೆ ಹುಳುವಿನ ಸಿಪ್ಪೆ ಇತ್ತು. ಬೆನ್ನು ಒಡೆದಿತ್ತು. ಒಳಗಿದ್ದದ್ದು ಹಾರಿ ಹೋಗಿತ್ತು. ನಾನು ನೋಡಲಿಲ್ಲ. ಇನ್ನೂ ಬೇಗ ಏಳಬೇಕಿತ್ತು.

ಸಿಪ್ಪೆಯನ್ನು ಬೆಂಕಿಪೊಟ್ಟಣದಲ್ಲಿ ಇಟ್ಟು ಕಳಿಸಿದ್ದೇನೆ. ಇದು ಅದೇನಾ? ನಿಜ ಹೇಳು.

ಸಿಮಾಸಿಕು


ಲುಸಾಕಾ
೨ ಜುಲೈ ೧೯೯೪

ಅಪ್ಪನಿಗೆ,

ಬೆಂಕಿಪೊಟ್ಟಣ ತಲುಪಿತು. ಸಿಪ್ಪೆ ಮುರಿದಿಲ್ಲ. ನಿಮ್ಮ ಅಕ್ಷರ ನನ್ನದಕ್ಕಿಂತ ದೊಡ್ಡದು, ಓದಲು ಸುಲಭ.

ಇದು ಅದಲ್ಲ.

ಡಾಕ್ಟರ್ ನೋಡಿದರು, ನಾನೂ ನೋಡಿದೆ. ಮರಿಯ ಬಾಲದ ತುದಿಯಲ್ಲಿ ಎಲೆಯಂಥ ಮೂರು ಕಿವಿರುಗಳಿರುತ್ತವೆ. ನಮ್ಮದಕ್ಕೆ ಅವು ಚೂಪಾಗಿರಬೇಕು. ಇದರವು ಅಗಲ, ನಡುವೆ ಕಪ್ಪು ಪಟ್ಟಿ. ಇದು ಎಲ್ಲ ಹೊಂಡಗಳಲ್ಲೂ ಇರುವ ನೀಲಿ ಸೂಜಿಹುಳು. ಅದೇ ಎಂದು ಬರೆದುಬಿಡಲೇ ಎಂದು ಒಂದು ದಿನ ಯೋಚಿಸಿದೆ. ನೀವು ನಿಜ ಹೇಳು ಎಂದು ಕೇಳಿದ್ದೀರಿ.

ಆ ಮೂಲೆಯ ಕಾಂಡಗಳೊಳಗೆ ನಮ್ಮ ಹುಳುವಿನ ಮೊಟ್ಟೆ ಇದ್ದಿರಬಹುದು, ಇಲ್ಲದೆಯೂ ಇರಬಹುದು. ಇದ್ದರೆ ನಿಮ್ಮ ದೋಣಿಯ ಕೆಸರಿನಲ್ಲಿ ಅದರ ಮರಿಗಳು ಇನ್ನೂ ಇರಬಹುದು. ಮಡುವನ್ನು ಇನ್ನು ಉಳಿಸಲಾಗುವುದಿಲ್ಲ. ಯಂತ್ರಗಳು ಮೊಂಗುವಿಗೆ ಬಂದಿವೆಯಂತೆ. ಈಗ ನಮ್ಮ ಕೈಯಲ್ಲಿರುವುದು ಆ ಒಂದು ದೋಣಿಯಷ್ಟು ನೀರು.

ಆದ್ದರಿಂದ ಈ ಸಲ ಹೊಡೆದುಹಾಕದೆ ಬರೆಯುತ್ತಿದ್ದೇನೆ. ದೋಣಿಯ ಒಂದು ಕಾಂಡವನ್ನೂ ಮುಟ್ಟಬೇಡಿ. ಒಣಗಿದ್ದನ್ನೂ ಕೀಳಬೇಡಿ. ಬಾವಿಯ ನೀರು ಬೇಡ, ಬಯಲಿನ ನೀರನ್ನೇ ಹಾಕಿ. ದಿಬ್ಬಕ್ಕೆ ವಾಪಸು ಹೋಗುವಾಗ ಅದನ್ನು ಸಾಗಿಸಬೇಡಿ. ನಾನು ಬರುವವರೆಗೆ ಅದು ಮಾವಿನ ಮರದ ಕೆಳಗೇ ಇರಲಿ.

ಹದಿನೆಂಟಕ್ಕೆ ಹೊರಡುತ್ತೇನೆ. ಒಬ್ಬಳೇ ಬರುತ್ತೇನೆ, ಬಹಳ ದಿನ ಇರುತ್ತೇನೆ. ಆ ಮೂರು ಸೀಸೆಗಳು ಬೇಕಾಗುತ್ತವೆ. ಈಗ ಎಲ್ಲಿಟ್ಟಿದ್ದರೂ ಹಾಗೆಯೇ ಇರಲಿ.

ನನಗಾಗಿ ದಾರಿ ಸವರಬೇಡಿ. ಇದು ಅತಿಥಿ ಹೇಳುವ ಮಾತಲ್ಲ, ಅಪ್ಪ. ನಿಜವಾಗಿ ಬೇಡ. ಲಿಕಾಂ‌ಡೊ ಬೈದುಕೊಳ್ಳಲಿ, ಎಲೆಗಳು ದೋಣಿಗೂ ಮುಖಕ್ಕೂ ತಾಗಲಿ. ನಿಧಾನವಾದರೂ ಬಂದು ಸೇರುತ್ತೇನೆ.

ನಿಮ್ಮ ಮಗಳು
ಮ್ವಾಂಗಲಾ